ಮೀನು ಬಿಟ್ಟು 43 ದಿನ

14 ಜುಲೈ 2024, ಭಾನುವಾರ, ಕುಂದಾಪುರ

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಹತ್ತು ಗಂಟೆ ಹೊತ್ತಿಗೆ ಅಡುಗೆಮನೆಯಿಂದ ಬೈಗೆ ಮೀನಿನ (ಬೂತಾಯಿ) ಸಾರಿನ ಪರಿಮಳ ಬಂತು. ಪೇಪರ್ ಮಡಚಿಟ್ಟು ಎದ್ದೇ ಬಿಟ್ಟೆ. ಹೋಗಿ ನೋಡಿದರೆ ಒಲೆಯ ಮೇಲೆ ಕುದಿಯುತ್ತಿದ್ದದ್ದು ಕಡಲೆ ಸಾರು. ಅಮ್ಮ ಅದಕ್ಕೆ ಜುಮ್ಮನಕಾಯಿ ಹಾಕಿದ್ದಾರೆ! ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು, ಒಣಗಿ ಬಾಯಿ ಬಿಟ್ಟಿರುತ್ತದೆ. ಒಳಗಿನ ಕಪ್ಪು ಬೀಜ ಬಿಸಾಡಿ ಸಿಪ್ಪೆ ಮಾತ್ರ ಜಜ್ಜಿ ಹಾಕಬೇಕು. ತಿಂದರೆ ನಾಲಗೆ ತುದಿ ಜುಂ ಅನ್ನುತ್ತದೆ. ನಮ್ಮಲ್ಲಿ ಅದು ಬೈಗೆ ಸಾರಿಗೆ ಬೀಳುವ ಸಾಮಾನು. ಹಾಗಾಗಿ ನನ್ನ ಮೂಗಿಗೆ ಮೋಸ ಆಯ್ತು. ಪಕ್ಕದ ಮನೆಯ ಬೆಕ್ಕಿಗೂ ಆಯ್ತು, ಪಾಪ, ಹಿಂಬಾಗಿಲಲ್ಲಿ ಕೂತು ಒಂದು ಗಂಟೆ ಕೂಗಿತು.

ನಾನು ಮೀನು, ಮಾಂಸ ಬಿಟ್ಟದ್ದು ಜೂನ್ 2ಕ್ಕೆ. ಯಾಕೆ ಅಂತ ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಇಲ್ಲಿ ಒಮ್ಮೆ ಬರೆದಿಡುತ್ತೇನೆ.

ಮೇ ಕೊನೆಯಲ್ಲಿ ಸಂಬಂಧಿಕರ ಮನೆಯಲ್ಲಿ ಮದುವೆ. ಹಿಂದಿನ ರಾತ್ರಿ ಮೆಹಂದಿ. ನಮ್ಮ ಕಡೆ ಮೆಹಂದಿ ಊಟ ಅಂದರೆ ಗೊತ್ತಲ್ಲ, ಕೋಳಿ ಸುಕ್ಕ, ಚಟ್ಲಿ (ಸಿಗಡಿ), ಬಂಗುಡೆ ಫ್ರೈ, ಮನೆಯ ಹಿಂದೆ ಬಿಯರು. ಯಾವುದಕ್ಕೂ ನಾನು ಅನ್ಯಾಯ ಮಾಡಲಿಲ್ಲ. ರಾತ್ರಿ ಎರಡು ಗಂಟೆಗೆ ಎಡಗಾಲಿನ ಹೆಬ್ಬೆರಳಿಗೆ ಯಾರೋ ಕೆಂಡ ಇಟ್ಟ ಹಾಗಾಗಿ ಎಚ್ಚರ ಆಯ್ತು. ಬೆರಳು ಟೊಮೆಟೊ ಹಾಗೆ ಕೆಂಪಾಗಿ ಊದಿತ್ತು. ಹೊದಿಕೆ ತಾಗಿದರೂ ಜೀವ ಹೋಗುವ ನೋವು, ಫ್ಯಾನಿನ ಗಾಳಿ ಕೂಡ ಬೇಡ ಅನ್ನಿಸಿತು. ಮದುವೆಗೆ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲಿಗೆ ಬಟ್ಟೆ ಸುತ್ತಿಕೊಂಡು ಹೋದೆ. ಫೋಟೋದಲ್ಲಿ ಹಿಂದೆ ನಿಂತಿದ್ದೇನೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರೋಗದ ಹೆಸರು ಗೌಟ್ ಅಂತೆ. ಯೂರಿಕ್ ಆಸಿಡ್ 9.2. ಗಂಡಸರಿಗೆ 7ರ ಒಳಗೆ ಇರಬೇಕಂತೆ. ಜಾಸ್ತಿ ಆದದ್ದು ಸೂಜಿ ಹಾಗಿನ ಹರಳಾಗಿ ಗಂಟುಗಳಲ್ಲಿ ಕೂರುತ್ತದೆ. ಬೈಗೆ, ಬಂಗುಡೆ, ಚಟ್ಲಿ, ಲಿವರು, ಕೆಂಪು ಮಾಂಸ, ಇವುಗಳಲ್ಲಿ ಪ್ಯೂರಿನ್ ಅನ್ನುವುದು ಜಾಸ್ತಿ, ಅದು ದೇಹದಲ್ಲಿ ಒಡೆದು ಯೂರಿಕ್ ಆಸಿಡ್ ಆಗುತ್ತದೆ. ಬಿಯರಂತೂ ಬೇಡವೇ ಬೇಡ. ಅವರು ಇನ್ನೊಂದು ಮಾತನ್ನೂ ಹೇಳಿದರು, ಅದನ್ನು ಮುಚ್ಚಿಡಬಾರದು. "ಊಟ ಬದಲಾಯಿಸಿದರೆ ಹೆಚ್ಚೆಂದರೆ ಒಂದು ಪಾಯಿಂಟ್ ಇಳಿಯಬಹುದು, ಉಳಿದದ್ದು ಮಾತ್ರೆಯ ಕೆಲಸ. ಮೀನು ಕಮ್ಮಿ ಮಾಡಿ. ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ."

ಪೂರ್ತಿ ಬಿಟ್ಟದ್ದು ನಾನೇ. ಕಮ್ಮಿ ಮಾಡುವುದು ನನ್ನಿಂದ ಆಗದ ಕೆಲಸ. ಒಂದು ಬಂಗುಡೆ ಅಂತ ಕೂತವನು ನಾಲ್ಕಕ್ಕೆ ಏಳುತ್ತೇನೆ. ಸಿಗರೇಟ್ ಬಿಟ್ಟದ್ದೂ ಹೀಗೇ, ಒಂದೇ ದಿನ. ದಿನಾ ತಟ್ಟೆ ಮುಂದೆ ಕೂತು ಎಷ್ಟು ತಿನ್ನಲಿ ಅಂತ ಲೆಕ್ಕ ಹಾಕುವುದಕ್ಕಿಂತ ಇಲ್ಲ ಅಂದುಬಿಡುವುದು ಸುಲಭ.

ಸಮಯವೂ ಕೂಡಿಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಒಟ್ಟು 61 ದಿನ. ಮೀನು ಮೊಟ್ಟೆ ಇಡುವ ಕಾಲ ಅಂತ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿವೆ. ನಾಡದೋಣಿಯ ಮೀನು ಸ್ವಲ್ಪ ಬರುತ್ತದೆ, ರೇಟು ಕೇಳಿದರೆ ಹಸಿವೇ ಹೋಗುತ್ತದೆ. ಅಂದರೆ ನನ್ನ ಈ 43 ದಿನದ ಸಾಧನೆಯಲ್ಲಿ ಅರ್ಧ ಸರ್ಕಾರದ್ದು.

ನಮ್ಮ ಬಾಗಿಲಿಗೆ ಬರುವ ಮೀನಿನ ಅಕ್ಕ ಮಾತ್ರ ಇದನ್ನು ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ಬರುತ್ತಿದ್ದಾರೆ. ಮೊದಲ ವಾರ ನಾನು ಬೇರೆಯವರ ಹತ್ತಿರ ತಗೊಳ್ಳುತ್ತಿದ್ದೇನೆ ಅಂದುಕೊಂಡರು. ಕಾಲು ತೋರಿಸಿದೆ. ಆಗ ಉಪಾಯ ಹೇಳಿದರು: "ಹಂಗಾರೆ ತುಂಡ್ ಬಿಡಿ ಅಣ್ಣಾ, ಸಾರ್ ಮಾತ್ರ ಉಣ್ಣಿ." ಕೇಳಲಿಕ್ಕೆ ಎಷ್ಟು ಚಂದ! ಆದರೆ ಪ್ಯೂರಿನ್ ನೀರಿಗೆ ಬಿಡುತ್ತದೆ. ಮೀನು ಕುದಿಸಿದಾಗ ಅದರಲ್ಲಿ ಒಂದು ಪಾಲು ಸಾರಿಗೇ ಇಳಿದಿರುತ್ತದೆ. ತುಂಡು ಬಿಟ್ಟು ಸಾರು ಉಂಡರೆ ಕಳ್ಳನನ್ನು ಹೊರಗೆ ಹಾಕಿ ಕದ್ದ ಮಾಲನ್ನು ಮನೆಯಲ್ಲಿ ಇಟ್ಟುಕೊಂಡ ಹಾಗೆ.

ಮೊದಲ ಹತ್ತು ದಿನ ಕಷ್ಟ ಆಯ್ತು. ಊಟ ಆಗಿ ಎರಡು ಗಂಟೆಯೊಳಗೆ ಮತ್ತೆ ಹಸಿವು. ಅನ್ನ ಜಾಸ್ತಿ ಉಂಡೆ, ಎರಡು ಕೇಜಿ ತೂಕ ಏರಿತು. ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. ನನಗೆ 60 ಗ್ರಾಂ ಹತ್ತಿರ. ನಾನು ಉಣ್ಣುತ್ತಿದ್ದದ್ದು ತಿಳಿಸಾರು, ಪಲ್ಯ, ಉಪ್ಪಿನಕಾಯಿ, ಮತ್ತೆಲ್ಲಿಂದ ಬರಬೇಕು? ಆಮೇಲೆ ಹುರುಳಿ, ಹೆಸರು, ಕಡಲೆ ಶುರು ಆಯ್ತು, ಮಧ್ಯಾಹ್ನಕ್ಕೆ ಒಂದು ಲೋಟ ಮಜ್ಜಿಗೆ. ಹೊಟ್ಟೆ ಎರಡು ವಾರ ಗುಡುಗಿತು, ಆಫೀಸಿನಲ್ಲಿ ಸ್ವಲ್ಪ ಮುಜುಗರ. ಈಗ ಸರಿಯಾಗಿದೆ.

ಬೇಳೆಕಾಳಿನಲ್ಲೂ ಪ್ಯೂರಿನ್ ಉಂಟಲ್ಲ, ಅಳಂಬೆಯಲ್ಲೂ (ಅಣಬೆ) ಉಂಟು ಅಂತ ಚಿಕ್ಕಮ್ಮ ಹೆದರಿಸಿದರು. ನಾನೂ ಹೆದರಿದೆ. ಮತ್ತೆ ಡಾಕ್ಟರೇ ಹೇಳಿದ್ದು: 47 ಸಾವಿರ ಗಂಡಸರನ್ನು 12 ವರ್ಷ ನೋಡಿ ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದ್ದರು, 2004ರಲ್ಲಿ ಬಂತು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಈ ರೋಗ ಜಾಸ್ತಿ. ಪ್ಯೂರಿನ್ ಇರುವ ತರಕಾರಿ ತಿಂದವರಿಗೆ ಹಾಗೇನೂ ಆಗಿಲ್ಲ. ಅವತ್ತೇ ಅಳಂಬೆ ತಂದೆ. ಮಳೆಗಾಲದಲ್ಲಿ ಅಳಂಬೆಯೂ ಇಲ್ಲ ಅಂದರೆ ಏನು ಬಾಳು?

ಹಸಿವಿಗಿಂತ ಜಾಸ್ತಿ ಕಿರಿಕಿರಿ ಆದದ್ದು ಜನರ ಹೊಗಳಿಕೆ. ಆಫೀಸಿನಲ್ಲಿ ಒಬ್ಬರು ಕೈ ಕುಲುಕಿ, "ಒಳ್ಳೇದು ಮಾಡಿದ್ರಿ, ಇನ್ನು ಸಾತ್ವಿಕ ಆಗ್ತೀರಿ" ಅಂದರು. ಏನು ಹೇಳುವುದು? ಮೊನ್ನೆಯವರೆಗೆ ನಾನೇನು ರಾಕ್ಷಸನಾಗಿದ್ದೆನಾ? ನಮ್ಮಜ್ಜಿ ಬದುಕಿಡೀ ಮೀನು ತಿಂದವರು, ಅವರಿಗಿಂತ ಮೆತ್ತನೆ ಮನುಷ್ಯರನ್ನು ನಾನು ನೋಡಿಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ ರೂಮು ಹುಡುಕುತ್ತಾ ಹೋದರೆ, ಊರು ಕುಂದಾಪುರ ಅಂದ ಕೂಡಲೇ "ಮೀನು ಬೇಯಿಸ್ತೀರಾ?" ಅಂತ ಕೇಳಿ ಗೇಟಿನಿಂದಲೇ ಕಳಿಸಿದವರು ಇದ್ದರು. ಆ ಗೇಟಿನ ಒಳಗಿನವರ ಪಾರ್ಟಿಗೆ ನಾನು ಸೇರಿದ ಹಾಗೆ ಯಾರಾದರೂ ಮಾತಾಡಿದರೆ ಮೈ ಉರಿಯುತ್ತದೆ. ನಾನು ಬಿಟ್ಟದ್ದು ಹೆಬ್ಬೆರಳಿಗೋಸ್ಕರ. ಅಷ್ಟೇ.

ಅಷ್ಟೇ ಅಂದೆ, ಆದರೆ ಇನ್ನೊಂದು ಸಣ್ಣ ಕಾರಣ ಮಧ್ಯದಲ್ಲಿ ಬಂದು ಸೇರಿಕೊಂಡಿದೆ. ಕಳೆದ ವರ್ಷ ಬಂದರಿನಲ್ಲಿ ಒಂದು ಲಾರಿ ನೋಡಿದ್ದೆ. ಬೆರಳುದ್ದದ ಬಂಗುಡೆ ಮರಿಗಳು, ರಾಶಿ ರಾಶಿ, ಮೀನು ಒಣಗಿಸಿ ಪುಡಿ ಮಾಡುವ ಫಿಶ್ ಮೀಲ್ ಫ್ಯಾಕ್ಟರಿಗೆ ಹೋಗುವುದು. ತಿನ್ನುತ್ತಿದ್ದಾಗ ಅದು ನೆನಪಿಗೆ ಬರುತ್ತಿರಲಿಲ್ಲ. ಬಿಟ್ಟ ಮೇಲೆ ಬರುತ್ತಿದೆ. ಹೊಟ್ಟೆ ತುಂಬಾ ಮೀನು ಇರುವಾಗ ಮೀನಿನ ಬಗ್ಗೆ ಯೋಚನೆ ಬರುವುದಿಲ್ಲ ಅಂತ ಕಾಣುತ್ತದೆ. ಇದನ್ನು ಯಾರಿಗೂ ಹೇಳಿಲ್ಲ, ಮೀನಿನ ಅಕ್ಕನಿಗಂತೂ ಹೇಳುವ ಧೈರ್ಯ ಇಲ್ಲ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಆ ಕಡಲೆ ಸಾರು, ಮೀನಿನ ಮಸಾಲೆ ಹಚ್ಚಿ ಕಾವಲಿಯಲ್ಲಿ ಕಾಯಿಸಿದ ಜೀಗುಜ್ಜೆ (ದೀವಿಹಲಸು) ಹೋಳು. ಅಂಚು ಗರಿಗರಿ, ನಡುವೆ ಮೆತ್ತಗೆ. ಅಂಜಲ್ ಮೀನಿನ ಹಾಗಲ್ಲ, ಸುಳ್ಳು ಹೇಳುವುದಿಲ್ಲ. ಆದರೂ ಆರು ಹೋಳು ತಿಂದೆ.

ಕೈ ತೊಳೆಯುವಾಗ ಮೀನಿನ ಅಕ್ಕನ ದನಿ ಕೇಳಿತು. ಮಳೆಗೆ ಪ್ಲಾಸ್ಟಿಕ್ ಹೊದ್ದು ಖಾಲಿ ಬುಟ್ಟಿ ಹಿಡಿದು ಸುಮ್ನೆ ಮಾತಾಡಿಸಲಿಕ್ಕೆ ಬಂದಿದ್ದರು. ಒಂದನೇ ತಾರೀಕಿಗೆ ಬೋಟ್ ಇಳಿಯುತ್ತದೆ, ಆಗ ಅಣ್ಣ ಹೇಗೆ ಬಿಡ್ತಾರೆ ಕಾಂಬ ಅಂತ ಅಮ್ಮನ ಹತ್ತಿರ ನಗುತ್ತಿದ್ದರು. ನನ್ನ ರಕ್ತ ಪರೀಕ್ಷೆ ಇರುವುದೂ ಅದೇ ವಾರ.

ಅಮ್ಮ ದನಿ ತಗ್ಗಿಸಿ ಹೇಳಿದ್ದು ನನಗೆ ಕೇಳಿಸಿತು. "ಅವ್ನದ್ದ್ ಅವ್ನಿಗೆ. ನಂಗೆ ಹತ್ತ್ ಬೈಗಿ ತೆಗ್ದಿಡ್. ಬಾಯಿ ಸಪ್ಪೆ ಆಯ್ತ್."

43 ದಿನದಿಂದ ಅಮ್ಮನೂ ಮೀನು ತಿಂದಿಲ್ಲ. ನನಗೆ ಅದು ತಲೆಗೆ ಬಂದೇ ಇರಲಿಲ್ಲ.