ಬೆನ್ನು ಸವೆದ ಕತ್ತಿ

ಇಂದು ಬೆಳಗಾವಿಯ ಖಡೇಬಜಾರಿನ ಹತ್ತಿರದ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಬೀಗಗಳ ನಡುವೆ ಹಳೆಯ ಕ್ಷೌರದ ಕತ್ತಿಯೊಂದು ಸಿಕ್ಕಿತು.

ಅಲಗಿನ ಬುಡವನ್ನು ಉಜ್ಜಿದಾಗ ಕತ್ತಿಗಳಿಗೆ ಹೆಸರಾದ ಇಂಗ್ಲೆಂಡಿನ ಊರು ‘ಶೆಫೀಲ್ಡ್’ ಎಂಬ ಮುದ್ರೆಯಷ್ಟೇ ಕಂಡಿತು, ‘ಇಂಗ್ಲೆಂಡ್’ ಎಂಬುದಿರಲಿಲ್ಲ. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಸುಂಕದ ಕಾಯ್ದೆಯಲ್ಲಿ ವಿಧಿಸಿದ ಮೇಲೆ ಆ ಪದ ಸಾಮಾನ್ಯವಾದದ್ದರಿಂದ, ಇದು ಅದಕ್ಕೂ ಹಿಂದಿನದಿರಬಹುದೆಂದು ಮನಸ್ಸು ಆಸೆಪಟ್ಟಿತು. (ಅಮೆರಿಕಕ್ಕೆ ಹೋಗದ ಕತ್ತಿಗೆ ಆ ನಿಯಮವೇಕೆ ಎಂದು ಆಸೆ ಕೇಳುವುದಿಲ್ಲ.)

ಬೆಳಕಿಗೆ ಹಿಡಿದರೆ, ಸಾಣೆಕಲ್ಲಿನ ಮೇಲೆ ಉಜ್ಜಿಸಿಕೊಂಡು ಬೆನ್ನು ಅಗಲವಾಗಿ ಚಪ್ಪಟೆಯಾಗಿತ್ತು, ಬಾಯಿಯ ನಡುಭಾಗ ಒಳಕ್ಕೆ ಬಾಗಿತ್ತು. ಸಂಗ್ರಹಕಾರನ ಕಣ್ಣಿಗೆ ಇದು ದೊಡ್ಡ ಊನ.

“ನೀವ ಒಂದು ರೇಟ್ ಹೇಳ್ರಿ” ಎಂದರು ಅಂಗಡಿಯವರು. ಆ ಸವೆತ ಯಾರ ಕೈಯ ಎಷ್ಟು ಬೆಳಗುಗಳದ್ದೋ ಎಂದುಕೊಳ್ಳುತ್ತ, ಚೌಕಾಸಿಯನ್ನೇ ಮರೆತು ಕೊಂಡು ತಂದೆ.