ಎಸಳಿನ ತುದಿ ನೋಡಿ

ಗಿಡ ಕುಳ್ಳಗಿದೆ ಅಂದ ಮಾತ್ರಕ್ಕೆ ಅದು ಟ್ರೊಪಿಯೋಲಮ್ ಮೈನಸ್, ಅಂದರೆ ನಸ್ಟರ್ಷಿಯಂ ಹೂಗಿಡದ ಸಣ್ಣ ಹೂವಿನ ಜಾತಿ, ಆಗುವುದಿಲ್ಲ. ನಸ್ಟರ್ಷಿಯಂ ಬೆಳೆಸುವವರೆಲ್ಲ ಇದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ನನ್ನ ಆಸೆ.

ಹೋದ ವರ್ಷ ‘ಮೈನಸ್’ ಅಂತ ಬರೆದಿದ್ದ ಬೀಜದ ಪೊಟ್ಟಣ ತಂದಿದ್ದೆ. ಗೇಣುದ್ದದ ಗಿಡ, ದುಂಡನೆಯ ಪೊದೆ, ತುಂಬಾ ಕಿತ್ತಳೆ ಹೂ. ಚೆನ್ನಾಗಿಯೇ ಇತ್ತು. ಆದರೆ ಅದು ಟ್ರೊಪಿಯೋಲಮ್ ಮೇಜಸ್ ಅನ್ನೋ ಇನ್ನೊಂದು ನಸ್ಟರ್ಷಿಯಂ ಜಾತಿಯ ಗಿಡ್ಡ ತಳಿ. ಗೆಳತಿ ಕೊಟ್ಟ ಬೀಜದಿಂದ ನಿಜವಾದ ಮೈನಸ್ ಈ ವರ್ಷ ಹೂ ಬಿಟ್ಟ ಮೇಲೆಯೇ ನನಗೆ ಇದು ಗೊತ್ತಾಗಿದ್ದು.

ಎರಡು ಗಿಡದಿಂದಲೂ ಒಂದೊಂದು ಹೂ ಕಿತ್ತು ಬಿಳಿ ಹಾಳೆಯ ಮೇಲಿಟ್ಟೆ. ಮೇಜಸ್‌ನ ಹೂ ದೊಡ್ಡದು, ಎಸಳಿನ ತುದಿ ದುಂಡಗೆ. ಮೈನಸ್‌ನ ಹೂ ಸಣ್ಣದು, ಒಂದೊಂದು ಎಸಳಿನ ತುದಿಯಲ್ಲೂ ಕೂದಲಿನಂಥ ಒಂದು ಮೊನೆ. ಐದು ಎಸಳು, ಐದು ಮೊನೆ. ಎಲೆಯನ್ನು ಬೆಳಕಿಗೆ ಹಿಡಿದೆ. ಅಲ್ಲೂ ಅದೇ ಕಥೆ: ನರ ಅಂಚು ಮುಟ್ಟುವಲ್ಲಿ ಪುಟ್ಟ ಮೊನೆ. ಮೇಜಸ್ ಎಲೆಯಲ್ಲಿ ಅದಿಲ್ಲ. ಎಷ್ಟು ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆನೋ!

ಉಳಿದದ್ದರಲ್ಲಿ ಅಕ್ಕತಂಗಿಯರೇ. ಕೊಡೆಗೆ ಹಿಡಿ ಇದ್ದ ಹಾಗೆ ಎಲೆಯ ಒಳಭಾಗಕ್ಕೆ ಅಂಟಿದ ತೊಟ್ಟು, ಹೂವಿನ ಹಿಂದೆ ಮಕರಂದದ ಕೊಳವೆ, ಬಾಯಿಗಿಟ್ಟರೆ ಸಾಸಿವೆಯ ಖಾರ. ಈ ಖಾರದಿಂದಲೇ ನಸ್ಟರ್ಷಿಯಂ ಅನ್ನೋ ಹೆಸರು ಬಂತು. ಅದು ನಿಜಕ್ಕೂ ನೀರಲ್ಲಿ ಬೆಳೆಯುವ ವಾಟರ್‌ಕ್ರೆಸ್ ಸೊಪ್ಪಿನ ಹೆಸರು. ಬೆಳೆಯುವ ರೀತಿ ಮಾತ್ರ ಬೇರೆ. ಹಬ್ಬುವ ಮೇಜಸ್‌ಗೆ ಕುಡಿಬಳ್ಳಿ ಇಲ್ಲ, ಎಲೆತೊಟ್ಟನ್ನೇ ಆಸರೆಗೆ ಸುತ್ತಿಕೊಂಡು ಎರಡು ಮೀಟರ್ ಏರುತ್ತದೆ. ಮೈನಸ್ ಅಷ್ಟು ದೂರ ಹೋಗುವುದಿಲ್ಲ.

ದಕ್ಷಿಣ ಅಮೆರಿಕದಿಂದ ಯೂರೋಪಿಗೆ ಮೊದಲು ಹೋದದ್ದು ಮೈನಸ್, 16ನೇ ಶತಮಾನದಲ್ಲಿ. ಮೇಜಸ್ ಹೋದದ್ದು 17ನೇ ಶತಮಾನದ ಕೊನೆಗೆ. ತಡವಾಗಿ ಹೋದರೂ ತೋಟಗಳನ್ನೆಲ್ಲ ಅದೇ ತುಂಬಿಕೊಂಡಿತು. ದೊಡ್ಡ ಹೂ, ಜಾಸ್ತಿ ಬಣ್ಣ, ಅಲ್ವಾ? ಮೊದಲು ಬಂದ ಪುಟ್ಟ ಹೂವಿನ ಹೆಸರು ಈಗ ಬೇರೆ ಗಿಡದ ಪೊಟ್ಟಣದ ಮೇಲಿದೆ. ನನಗೆ ಇದು ಬೇಜಾರಿನ ವಿಷಯ.

ಎರಡೂ ಬೆರಕೆಯಾಗುವುದುಂಟು. ಅದಕ್ಕೇ ಮೈನಸ್ ಕುಂಡವನ್ನು ಮನೆಯ ಇನ್ನೊಂದು ಬದಿಗೆ ಸಾಗಿಸಿದ್ದೇನೆ. ಮೂರು ಹೋಳಿನ ಹಸಿರು ಕಾಯಿ ಕಟ್ಟಿದೆ. ಬಲಿತು ಉದುರಲಿ ಅಂತ ಕೆಳಗೆ ಬಟ್ಟೆ ಹಾಸಿಟ್ಟಿದ್ದೇನೆ.