ಉಗುರು ಬೆಚ್ಚಗಿನ ಶಕ್ತಿ

ಮಕ್ಕಳ ಆನಿಮೇಷನ್ ಸರಣಿಗಳಿಗೆ ಕಥೆ ಬರೆಯುವುದು ನನ್ನ ಕೆಲಸ. ಹೋದ ವರ್ಷ ನಮ್ಮ ಪುಟ್ಟ ನಾಯಕಿಗೆ ಒಂದು ಶಕ್ತಿ ಕೊಟ್ಟೆವು. ಅವಳು ಮುಟ್ಟಿದ್ದೆಲ್ಲ ಉಗುರು ಬೆಚ್ಚಗಾಗುತ್ತದೆ. ಅಷ್ಟೇ. ಕುದಿಯುವ ಕಾಫಿ ಆರಿ ಅಲ್ಲಿಗೆ ನಿಲ್ಲುತ್ತದೆ, ಫ್ರಿಜ್ಜಿನ ನೀರು ಕಾದು ಅಲ್ಲಿಗೆ ನಿಲ್ಲುತ್ತದೆ.

ಪಿಚ್ ದಿನ, ಅಂದರೆ ಕಥೆಯನ್ನು ಚಾನೆಲ್ಲಿಗೆ ಹೇಳಿ ಒಪ್ಪಿಸುವ ದಿನ, ಅಲ್ಲಿನ ಮೇಡಂ ಕೇಳಿದರು, "ಇದರಿಂದ ಏನು ಉಪಯೋಗ?"

ಕಾಲ್‌ನಲ್ಲಿ ಒಂಬತ್ತು ಜನ ಇದ್ದೆವು. ಯಾರೂ ಮಾತಾಡಲಿಲ್ಲ. ಉತ್ತರ ನನ್ನ ಹತ್ತಿರ ಇತ್ತು. ಹಾಲಿಗೆ ಹೆಪ್ಪು ಹಾಕಲು ಬೇಕಾದ್ದು ಅದೇ ಬಿಸಿ, 40 ಡಿಗ್ರಿ ಆಸುಪಾಸು. ಅಜ್ಜಿ ಬೆರಳು ಅದ್ದಿ ನೋಡುತ್ತಿದ್ದದ್ದೂ ಅದನ್ನೇ. ಆದರೆ ಅಷ್ಟು ಜನರ ಮುಂದೆ ಮೊಸರಿನ ಮಾತು ತೀರಾ ಸಣ್ಣದು ಅನ್ನಿಸಿತು. ಮ್ಯೂಟ್ ತೆಗೆದು, "ಸೀಸನ್ ಕೊನೆಗೆ ಅವಳ ಕೈಯಿಂದ ಬೆಂಕಿ ಬರುತ್ತೆ ಮೇಡಂ" ಅಂದುಬಿಟ್ಟೆ.

"ಓಕೆ, ಲಾಕ್ ಮಾಡಿ."

ಆ ಒಂದು ವಾಕ್ಯ ಸರಣಿಯ 'ಬೈಬಲ್'ಗೆ, ಅಂದರೆ ಪಾತ್ರ, ಕಥೆಯ ನಿಯಮಗಳನ್ನೆಲ್ಲ ಬರೆದಿಡುವ ಕಡತಕ್ಕೆ, ಹೋಯಿತು. ಆಮೇಲೆ ಪ್ರತಿ ಎಪಿಸೋಡಿಗೂ ಅದೇ ನೋಟ್: ಬೆಂಕಿಯ ಸುಳಿವು ಎಲ್ಲಿ? ನೋಟ್ಸ್ ಶೀಟಿನಲ್ಲಿ 'ಪವರ್ ಅಪ್‌ಗ್ರೇಡ್' ಅಂತ ಒಂದು ಕಾಲಮ್ ಇದೆ. ಖಾಲಿ ಬಿಟ್ಟರೆ ಫೈಲ್ ಮುಂದಕ್ಕೆ ಹೋಗುವುದಿಲ್ಲ. ಎಷ್ಟೋ ಒಳ್ಳೆಯ ಕಥೆಗಳು ಇಂಥ ಕಾಲಮ್ಮಿನಿಂದಲೇ ಕೆಟ್ಟಿವೆ. ನಾವೂ ತುಂಬಿಸುತ್ತಾ ಹೋದೆವು.

ಆರನೇ ಎಪಿಸೋಡಿನಲ್ಲಿ ನರಿ ಕೋಳಿಯನ್ನು ಹೊತ್ತೊಯ್ಯುತ್ತದೆ, ಮೊಟ್ಟೆಗಳು ಉಳಿಯುತ್ತವೆ. ನಾಯಕಿ ಕಾವು ಕೊಡಬೇಕು. ಸ್ಟೋರಿಬೋರ್ಡ್, ಅಂದರೆ ದೃಶ್ಯಗಳ ಕರಡು ಚಿತ್ರ, ಬರೆಯುತ್ತಿದ್ದ ಹುಡುಗಿ ಪೆನ್ ಕೆಳಗಿಟ್ಟು ಕೇಳಿದಳು, "ಸರ್, ಬೆಂಕಿ ಬರೋ ಕೈಲಿ ಮೊಟ್ಟೆ ಹಿಡಿದರೆ ಬೆಂದುಹೋಗುತ್ತೆ ಅಲ್ವಾ?"

ನನಗೆ ಮಾತೇ ಹೊರಡಲಿಲ್ಲ. ಮೊಟ್ಟೆಗೆ ಬೇಕಾದ್ದು ಸುಮಾರು 37.5 ಡಿಗ್ರಿ, 21 ದಿನ. ಬೆಂಕಿ ಬಿಡಿ, ನಾವು ಇಟ್ಟಿದ್ದ 40 ಕೂಡ ಅದಕ್ಕೆ ಜಾಸ್ತಿ. 40 ಆದರೆ ಅವಳು ತಮ್ಮನ ಕೈ ಹಿಡಿದರೂ ಅವನಿಗೆ ಜ್ವರ. ಅವತ್ತು ಸಂಜೆ ಎಲ್ಲರೂ ಕೂತು ಲೆಕ್ಕ ಸರಿ ಮಾಡಿದೆವು. ಅವಳ ಕೈ 37.5ಕ್ಕೆ ನಿಲ್ಲಲಿ. ಮೊಸರು ಸ್ವಲ್ಪ ನಿಧಾನ, ಆದರೂ ಆಗುತ್ತದೆ. ಕೈ ತೆಗೆದರೆ ಶಕ್ತಿಯೂ ಇಲ್ಲ, ಹಾಗಾಗಿ 21 ದಿನ ಅವಳು ಬುಟ್ಟಿ ಬಿಟ್ಟು ಏಳುವ ಹಾಗಿಲ್ಲ. ಇಷ್ಟು ದಿನ ನಾನು ಹುಡುಕುತ್ತಿದ್ದ ಕಥೆ ಇದೇ. ಬೆಂಕಿ ಇದ್ದಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಮರುದಿನ ಮೇಡಂಗೆ ಫೋನ್ ಮಾಡಿ, ಬೆಂಕಿ ಬೇಡ, ಅವತ್ತು ಹೆದರಿ ಹೇಳಿದ್ದು ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು.

"21 ದಿನ ಸ್ನಾನ, ಊಟ?"

"ಕೋಳಿನೂ ದಿನಕ್ಕೆ ಸ್ವಲ್ಪ ಹೊತ್ತು ಎದ್ದು ಮೇವಿಗೆ ಹೋಗುತ್ತೆ ಮೇಡಂ. ಅಷ್ಟು ಹೊತ್ತು ಇವಳಿಗೂ ಸಿಗುತ್ತೆ."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

ಬೆಂಕಿಗಾಗಿ ಬರೆದ ಮೂರು ಔಟ್‌ಲೈನ್ ತೆಗೆದುಹಾಕಿದೆವು. ಅದರಲ್ಲಿ ಒಂದಕ್ಕೆ ಬೋರ್ಡ್ ಪೂರ್ತಿ ಮುಗಿದಿತ್ತು. ಆ ಹುಡುಗಿ ಎರಡು ವಾರ ರಾತ್ರಿ ಕೂತು ಬರೆದ ಚಿತ್ರಗಳು ಅವು.